ಅಪಘಾತದ ಪರಿಹಾರಕ್ಕೆ ವಕೀಲರನ್ನು ಗೊತ್ತುಮಾಡುವಾಗ

ಸೋಲಾಪುರದಿಂದ ಹೊರಟು ನಳದುರ್ಗ, ಉಮರ್ಗಾಗಳನ್ನು ಹಾಯ್ದು ಹುಮನಾಬಾದಿನತ್ತ ಸಾಗುವ ಹೆದ್ದಾರಿಯು ನಮ್ಮ ಗಡಿಸೀಮೆಯ ಜನರ ಪಾಲಿಗೆ ಜೀವನಾಡಿಯಿದ್ದಂತೆ. ಹಿಂದೆ ಇದನ್ನು 9ನೆಯ ರಾಷ್ಟ್ರೀಯ ಹೆದ್ದಾರಿ ಎನ್ನುತ್ತಿದ್ದರು. ಈಗ ಇದರ ಸಂಖ್ಯೆ 65. ಪುಣೆ, ಹೈದರಾಬಾದುಗಳ ನಡುವಿನ ಭಾರಿ ವಾಹನಗಳು ಹಗಲಿರುಳು ಓಡುವ ಈ ದಾರಿಯನ್ನೇ ನಮ್ಮ ಸಾಸ್ತೂರಿನವರೂ ಸುತ್ತಲಿನ ಹಳ್ಳಿಗರೂ ಸಂತೆಗೆ, ದವಾಖಾನೆಗೆ, ಬೀಗರ ಮನೆಗೆ ಹೋಗಲು ಹಿಡಿಯಬೇಕು. ಕಬ್ಬಿನ ಹಂಗಾಮು ಬಂದಿತೆಂದರೆ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳೂ ಈ ಸಾಲಿಗೆ ಸೇರುತ್ತವೆ. ಅಪಘಾತವಾಗದ ವಾರವಿಲ್ಲವೆಂದರೆ ಅತಿಶಯೋಕ್ತಿಯಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಕಿಲ್ಲಾರಿಯೊಡನೆ ನಮ್ಮ ಸಾಸ್ತೂರೂ ನೆಲಕಚ್ಚಿದ್ದನ್ನು ವಾಚಕರು ಬಲ್ಲರು. ಪಂಚನಾಮೆ, ದಾಖಲೆ, ನುಕಸಾನಭರಪಾಯಿ ಎಂಬ ಮಾತುಗಳು ನಮ್ಮ ಹೆಣ್ಣುಮಕ್ಕಳ ಬಾಯಲ್ಲೂ ನಿಂತದ್ದು ಆ ದಿನಗಳಿಂದಲೇ. ಆದರೆ ಆಗ ಸರಕಾರವೇ ಮನೆಮನೆಗೆ ಬಂದು ಹೆಸರು ಬರೆದುಕೊಂಡಿತು. ರಸ್ತೆಯ ಅಪಘಾತದಲ್ಲಿ ಹಾಗಲ್ಲ. ಇಲ್ಲಿ ಕೆಡುವುದು ಒಂದೇ ಮನೆ. ಆ ಮನೆಯವರೇ ಎದ್ದು ಹೋಗಿ ಕೇಳಬೇಕು. ಕೇಳುವುದಕ್ಕೆ ವಕೀಲರು ಬೇಕು. ಆ ವಕೀಲರನ್ನು ಗೊತ್ತುಮಾಡುವ ಬಗೆ ಹೇಗೆಂಬುದೇ ಈ ಲೇಖನದ ವಿಷಯ.

ಹಾಸಿಗೆಯ ಬಳಿಗೆ ಬಂದ ಕಾಗದ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಆರನೆಯ ಇಯತ್ತೆಯ ಹುಡುಗಿಯೊಬ್ಬಳ ಹೆಸರಿನ ಮುಂದೆ ಹಾಜರಿಪಟದಲ್ಲಿ ಸತತ ಹತ್ತು ದಿನ ಗೈರುಹಾಜರಿ ಬಿದ್ದಿತು. ವಿಚಾರಿಸಲೆಂದು ಮನೆಗೆ ಹೋದೆವು. ಒಂದೂವರೆ ಎಕರೆ ಹೊಲವುಳ್ಳ, ಉಳಿದ ದಿನಗಳಲ್ಲಿ ಕೂಲಿಗೆ ಹೋಗುವ ಅವಳ ತಂದೆಗೆ ಹೆದ್ದಾರಿಯಲ್ಲಿ ಕಾರೊಂದು ಬಡಿದು ಕಾಲು ಎರಡು ಕಡೆ ಮುರಿದಿತ್ತು. ದವಾಖಾನೆಯ ಖರ್ಚಿಗೆ ಹೊಲವನ್ನು ಒತ್ತೆಯಿಡುವ ಮಾತು ನಡೆದಿತ್ತು. ತಾಯಿ ಕೂಲಿಗೆ ಹೋದರೆ ಕಿರಿಯರನ್ನು ನೋಡಿಕೊಳ್ಳಲು ಈ ಹುಡುಗಿ ಮನೆಯಲ್ಲುಳಿಯಬೇಕೆಂಬುದೂ ಗೊತ್ತಾಗಿತ್ತು.

ಆ ತಾಯಿ ಸೆರಗಿನ ಗಂಟಿನಿಂದ ಮಡಿಸಿದ ಸ್ಟಾಂಪು ಕಾಗದವೊಂದನ್ನು ತೆಗೆದು, “ಗುರೂಜಿ, ಇದರಾಗ ಏನ್ ಬರ್ದಾರ ನೋಡಿ ಹೇಳ್ರಿ” ಎಂದಳು. ದವಾಖಾನೆಗೆ ಸೇರಿಸಿದ ಮೂರನೆಯ ದಿನವೇ ಗುರುತು ಪರಿಚಯವಿಲ್ಲದವನೊಬ್ಬ ಹಾಸಿಗೆಯ ಬಳಿಗೆ ಬಂದು, ವಕೀಲರು ತನಗೆ ಬೇಕಾದವರೆಂದೂ ಮುಂಗಡವಾಗಿ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲವೆಂದೂ ಹೇಳಿ ಅದನ್ನು ಬಿಟ್ಟುಹೋಗಿದ್ದನಂತೆ. ಕಾಗದವು ಮರಾಠಿಯಲ್ಲಿತ್ತು. ಬರುವ ಪರಿಹಾರದಲ್ಲಿ ಅರ್ಧ ಭಾಗವನ್ನು ವಕೀಲರಿಗೆ ಕೊಡುತ್ತೇವೆಂಬುದು ಅದರ ಸಾರಾಂಶ. ಹೆಬ್ಬೆಟ್ಟು ಒತ್ತುವುದೊಂದೇ ಉಳಿದಿತ್ತು.

ಇಂಥ ಕಾಗದಕ್ಕೆ ಕಾನೂನಿನ ಮನ್ನಣೆಯಿಲ್ಲವೆಂಬುದನ್ನು ನಾವೆಲ್ಲರೂ ಮೊದಲು ತಿಳಿಯಬೇಕು. ವಕೀಲರು ವ್ಯಾಜ್ಯದ ಫಲವನ್ನು ಅವಲಂಬಿಸಿ ಫೀ ಗೊತ್ತುಮಾಡಬಾರದು, ಬಂದ ಹಣದಲ್ಲಿ ಪಾಲು ಕೇಳಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ಕಕ್ಷಿದಾರರನ್ನು ಹುಡುಕಿಕೊಂಡು ಹೋಗಬಾರದು, ದಲ್ಲಾಳಿಗಳನ್ನು ಕಳಿಸಬಾರದು ಎಂದೂ ಅದೇ ನಿಯಮಾವಳಿ ಹೇಳುತ್ತದೆ. ಅರ್ಧ ಪಾಲಿನ ಕರಾರು ಮಾಡಿಕೊಂಡ ವಕೀಲರೊಬ್ಬರ ನಡತೆಯನ್ನು ಸರ್ವೋಚ್ಚ ನ್ಯಾಯಾಲಯವು 1954ರಷ್ಟು ಹಿಂದೆಯೇ ವೃತ್ತಿದೋಷವೆಂದು ತೀರ್ಮಾನಿಸಿತು. 2017ರ ಡಿಸೆಂಬರಿನಲ್ಲಿ ತೆಲಂಗಾಣದ ಪ್ರಕರಣವೊಂದು ಅದೇ ನ್ಯಾಯಾಲಯದ ಮುಂದೆ ಬಂದಿತು. ಅಪಘಾತದಲ್ಲಿ ಪತಿಯನ್ನು ಕಳೆದುಕೊಂಡ ಸ್ತ್ರೀಯಿಂದ ಆಕೆಯ ವಕೀಲರು ಫೀ ಎಂದು ಹತ್ತು ಲಕ್ಷ ರೂಪಾಯಿಗಳ ಚೆಕ್ಕು ಬರೆಯಿಸಿಕೊಂಡಿದ್ದರು. ಅದು ತಿರುಗಿ ಬಂದಾಗ ಆಕೆಯ ಮೇಲೆಯೇ ಮೊಕದ್ದಮೆ ಹೂಡಿದ್ದರು. ಪರಿಹಾರದ ಹಣದಲ್ಲಿ ಶೇಕಡಾವಾರು ಫೀ ಕೇಳುವುದು ಕಾನೂನುಬಾಹಿರವೆಂದು ಹೇಳಿ ನ್ಯಾಯಾಲಯವು ಆ ಮೊಕದ್ದಮೆಯನ್ನು ರದ್ದುಗೊಳಿಸಿತು.

ಅಮೇರಿಕೆಯಲ್ಲಿ ಗಾಯಾಳುಗಳ ವಕೀಲರು ಮೂರನೆಯ ಒಂದು ಪಾಲಿನಷ್ಟು ಹಣವನ್ನು ಫೀ ಎಂದು ಪಡೆಯುವುದು ರೂಢಿಯಲ್ಲಿದೆ. ಅಲ್ಲಿನ ಕಾನೂನು ಅದನ್ನು ಒಪ್ಪುತ್ತದೆ. ನಮ್ಮ ದೇಶ ಒಪ್ಪಿಲ್ಲ. ವಕೀಲರು ವ್ಯಾಜ್ಯವನ್ನು ನಡೆಸುವವರಾಗಬೇಕೇ ಹೊರತು ಅದರ ಪಾಲುದಾರರಾಗಬಾರದೆಂಬುದು ಇಲ್ಲಿಯ ನ್ಯಾಯದೃಷ್ಟಿ.

ಆ ತಾಯಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ. ಉಮರ್ಗಾದ ನ್ಯಾಯಾಲಯದಲ್ಲಿರುವ ತಾಲೂಕಾ ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದುಕೊಟ್ಟೆವು, ವಕೀಲರು ದೊರೆತರು. ಹುಡುಗಿ ಮುಂದಿನ ವಾರದಿಂದ ಮತ್ತೆ ಶಾಲೆಗೆ ಬಂದಳು.

ಫೀ ಕೊಡಲಾರದವರಿಗೆ

1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರಖಾನೆಯ ಕಾರ್ಮಿಕರು, ಸರಕಾರ ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ಉತ್ಪನ್ನವುಳ್ಳವರು, ಇವರೆಲ್ಲರಿಗೂ ಸರಕಾರದ ಖರ್ಚಿನಿಂದ ವಕೀಲರನ್ನು ಪಡೆಯುವ ಹಕ್ಕುಂಟು. ಸ್ತ್ರೀಯರಿಗೆ ಉತ್ಪನ್ನದ ಮಿತಿಯೂ ಇಲ್ಲ. ಇದು ಭಿಕ್ಷೆಯಲ್ಲ, ಅಧಿಕಾರ. 15100 ಎಂಬ ಸಂಖ್ಯೆಗೆ ಫೋನು ಮಾಡಿದರೂ ಮಾಹಿತಿ ದೊರೆಯುತ್ತದೆ.

ಖಾಸಗಿಯಾಗಿ ವಕೀಲರನ್ನು ಗೊತ್ತುಮಾಡುವವರು ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಇಂಥ ಅಪಘಾತದ ದಾವೆಗಳನ್ನು ತಾವು ಈ ಹಿಂದೆ ನಡೆಸಿದ್ದೀರಾ? ಒಟ್ಟು ಫೀ ಎಷ್ಟು, ಯಾವ ಯಾವ ಹಂತದಲ್ಲಿ ಕೊಡಬೇಕು? ತಾರೀಖಿಗೆ ತಾವೇ ಬರುತ್ತೀರೋ, ಬೇರೆಯವರನ್ನು ಕಳಿಸುತ್ತೀರೋ? ಉತ್ತರಗಳನ್ನು ಬರೆಯಿಸಿಕೊಳ್ಳಿರಿ, ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ಯೋಗ್ಯ ವಕೀಲರು ಇದರಿಂದ ಬೇಸರಪಡುವುದಿಲ್ಲ.

ಎಲ್ಲಿ, ಎಷ್ಟು ದಿನದೊಳಗೆ

ಗಡಿಯವರಾದ ನಮಗೆ ಒಂದು ಸಂದೇಹ ಯಾವಾಗಲೂ ಕಾಡುತ್ತದೆ. ಅಪಘಾತವಾದದ್ದು ಹುಮನಾಬಾದಿನ ಬಳಿ, ಮನೆಯಿರುವುದು ಸಾಸ್ತೂರಿನಲ್ಲಿ, ದಾವೆ ಎಲ್ಲಿ? 1988ರ ಮೋಟಾರು ವಾಹನ ಅಧಿನಿಯಮದ 166ನೆಯ ಕಲಮು ಇದಕ್ಕೆ ಸ್ಪಷ್ಟ ಉತ್ತರ ನೀಡಿದೆ. ಅಪಘಾತ ನಡೆದ ಸ್ಥಳದಲ್ಲಿ, ಅರ್ಜಿದಾರನು ವಾಸಿಸುವ ಅಥವಾ ವ್ಯವಹಾರ ಮಾಡುವ ಸ್ಥಳದಲ್ಲಿ, ಇಲ್ಲವೇ ಪ್ರತಿವಾದಿಯ ಸ್ಥಳದಲ್ಲಿ, ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಆಯ್ಕೆ ಅರ್ಜಿದಾರನದು. ಆದುದರಿಂದ ಕರ್ನಾಟಕದಲ್ಲಿ ಗಾಯಗೊಂಡವರು ಪ್ರತಿ ತಾರೀಖಿಗೂ ಬೀದರಕ್ಕೆ ಅಲೆಯಬೇಕಾಗಿಲ್ಲ. ಉಮರ್ಗಾ, ನಿಲಂಗಾ, ಉದಗೀರಗಳಲ್ಲಿಯೇ ಅಪಘಾತ ಪರಿಹಾರದ ನ್ಯಾಯಾಧಿಕರಣಗಳು ಕೆಲಸ ಮಾಡುತ್ತವೆ. ಫಿರ್ಯಾದಿನ ಮಾತೂ ಹಾಗೆಯೇ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಇಂಥ ಗುನ್ಹೆ ತಮ್ಮ ಹದ್ದಿನಲ್ಲಿ ನಡೆದಿಲ್ಲವೆಂದು ಹೇಳಿ ಪೋಲೀಸು ಠಾಣೆಯವರು ಫಿರ್ಯಾದನ್ನು ನಿರಾಕರಿಸುವಂತಿಲ್ಲ.

ಅವಧಿಯ ವಿಷಯದಲ್ಲಿ ಮೈಮರೆಯಬಾರದು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಈ ನಿಯಮವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವರಿದ್ದಾರೆ. ಆ ವಾದದ ಫಲಕ್ಕಾಗಿ ಕಾಯದೆ, 6 ತಿಂಗಳನ್ನೇ ಕಡೆಯ ಗಡುವೆಂದು ಭಾವಿಸುವುದು ಲೇಸು. ಕಾಲು ಕೂಡಿದ ಮೇಲೆ ನೋಡೋಣವೆಂದು ಕುಳಿತರೆ ಸುಗ್ಗಿಯೊಂದು ಕಳೆಯುವುದರೊಳಗೆ ಅವಧಿ ಮುಗಿದಿರುತ್ತದೆ.

ಬಡಿದ ವಾಹನವು ನಿಲ್ಲದೆ ಓಡಿಹೋಗಿ ಪತ್ತೆಯಾಗದಿದ್ದರೂ ದಾರಿ ಪೂರ್ತಿ ಮುಚ್ಚಿಲ್ಲ. ಅಂಥಲ್ಲಿ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಸರಕಾರಿ ಯೋಜನೆಯಿಂದ ದೊರೆಯುತ್ತದೆ. ಇದಕ್ಕೆ ತಹಸೀಲ ಕಚೇರಿಯಲ್ಲಿ ವಿಚಾರಿಸಬೇಕು. 2025ರ ಮೇ ತಿಂಗಳಿನಿಂದ, ನೇಮಿತ ದವಾಖಾನೆಗಳಲ್ಲಿ ಗಾಯಾಳುವಿಗೆ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ನಗದಿಲ್ಲದ ಚಿಕಿತ್ಸೆಯ ಯೋಜನೆಯೂ ಜಾರಿಯಲ್ಲಿದೆ. ಹೊಲ ಒತ್ತೆಯಿಡುವ ಮುನ್ನ ಇದನ್ನು ಕೇಳಿನೋಡಬೇಕು.

ಸಹಿಗೆ ಮುನ್ನ

ನಮ್ಮ ಮನೆಗಳಲ್ಲಿ ಮಾತು ಕನ್ನಡ. ಕಚೇರಿಯ ಕಾಗದವೆಲ್ಲ ಮರಾಠಿ ಅಥವಾ ಇಂಗ್ಲಿಷು. ಮೋಸಕ್ಕೆ ಅವಕಾಶವಾಗುವುದು ಈ ನಡುವಣ ಸಂದಿಯಲ್ಲಿಯೇ. ಯಾವುದೇ ಕಾಗದವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ ಮೇಲೆಯೇ ಸಹಿ ಮಾಡಬೇಕು. ಬರಿಯ ಕಾಗದಕ್ಕೆ ಯಾರೇ ಕೇಳಿದರೂ ಸಹಿ ಸಲ್ಲದು. ಸಾಕ್ಷಿ ಹೇಳುವಾಗ ಮರಾಠಿ ಸರಿಯಾಗಿ ಬಾರದಿದ್ದರೆ, ತಾನು ಕನ್ನಡದಲ್ಲಿ ಹೇಳುವವನೆಂದು ವಕೀಲರ ಮೂಲಕ ನ್ಯಾಯಾಧೀಶರಿಗೆ ಮೊದಲೇ ತಿಳಿಸಬೇಕು.

ವಿಮಾ ಕಂಪನಿಯವರು ತಾವಾಗಿಯೇ ರಾಜಿಗೆ ಬರುವುದುಂಟು. ಯಾರ ತಪ್ಪೆಂದು ಸಿದ್ಧಪಡಿಸದೆಯೇ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಪಡೆಯುವ ಅವಕಾಶವನ್ನು 164ನೆಯ ಕಲಮು ಕೊಟ್ಟಿದೆ. ಆದರೆ ಅದನ್ನು ಒಪ್ಪಿಕೊಂಡರೆ ಹೆಚ್ಚಿನ ಪರಿಹಾರದ ದಾವೆ ಅಲ್ಲಿಗೇ ಮುಗಿಯುತ್ತದೆ. ಲೋಕ ಅದಾಲತಿನಲ್ಲಿ ಆದ ರಾಜಿಯ ಮೇಲೂ ಅಪೀಲಿಲ್ಲ. ಒಪ್ಪಬೇಕೋ ಬೇಡವೋ ಎಂಬುದನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕು.

ಲೆಕ್ಕವೇನೂ ಗಹನವಾದುದಲ್ಲ. 35 ವರ್ಷದ ಕೂಲಿಗಾರನೊಬ್ಬನ ಗಳಿಕೆ ತಿಂಗಳಿಗೆ 12,000 ರೂಪಾಯಿ ಎನ್ನೋಣ, ವರ್ಷಕ್ಕೆ 1,44,000. ಗಾಯದಿಂದ ಅವನ ದುಡಿಯುವ ಶಕ್ತಿ ನೂರಕ್ಕೆ 20ರಷ್ಟು ಕುಂದಿದ್ದರೆ ವರ್ಷದ ನಷ್ಟ 28,800. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗೊತ್ತುಪಡಿಸಿದ ಕೋಷ್ಟಕದಲ್ಲಿ ಈ ವಯಸ್ಸಿಗೆ ಗುಣಕ 16. ಗುಣಿಸಿದರೆ 4,60,800 ರೂಪಾಯಿ. ದವಾಖಾನೆಯ ಖರ್ಚು, ಹಾಸಿಗೆ ಹಿಡಿದ ತಿಂಗಳುಗಳ ಕೂಲಿ, ಮುಂದಿನ ಚಿಕಿತ್ಸೆ, ಅನುಭವಿಸಿದ ನೋವು ಇವೆಲ್ಲ ಬೇರೆ. ಅರ್ಜಿ ಹಾಕಿದ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರವೂ ನ್ಯಾಯಾಧಿಕರಣಕ್ಕಿದೆ.

ಇಲ್ಲೊಂದು ಸೂಕ್ಷ್ಮವಿದೆ. ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ವೈದ್ಯರು ಬರೆದ ಶೇಕಡಾ ಪ್ರಮಾಣ ಬೇರೆ, ದುಡಿಮೆಯ ಶಕ್ತಿ ಕುಂದಿದ ಪ್ರಮಾಣ ಬೇರೆ ಎಂದು ಅದೇ ನ್ಯಾಯಾಲಯವು 2010ರಲ್ಲಿ ವಿವರಿಸಿದೆ. ಮೊಣಕಾಲು ಮಡಚಲು ಬಾರದ ಶಿಕ್ಷಕನು ಕುರ್ಚಿಯ ಮೇಲೆ ಕುಳಿತು ಪಾಠ ಹೇಳಬಲ್ಲ. ಅದೇ ಮೊಣಕಾಲಿನಿಂದ ಕಬ್ಬು ಕಡಿಯುವವನ ಬಾಳು ನಿಂತುಹೋಗುತ್ತದೆ. ಆದುದರಿಂದ ತಾನು ಏನು ಕೆಲಸ ಮಾಡುತ್ತಿದ್ದೆ, ಈಗ ಅದರಲ್ಲಿ ಯಾವುದನ್ನು ಮಾಡಲಾರೆ ಎಂಬುದನ್ನು ವಕೀಲರಿಗೆ ಬಿಡಿಸಿ ಹೇಳಬೇಕು. ಮನೆವಾರ್ತೆ ನಡೆಸುವ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕೆಂದು ನ್ಯಾಯಾಲಯಗಳು ಹೇಳಿವೆ. “ಆಕಿ ಮನ್ಯಾಗೇ ಇರತಾಳ, ಆಕೀದೇನು ನಷ್ಟ” ಎಂದು ಮನೆಯವರೇ ಸುಮ್ಮನಾಗಬಾರದು.

ಇದಕ್ಕೆಲ್ಲ ಆಧಾರ ಕಾಗದಗಳು. ಫಿರ್ಯಾದು, ಸ್ಥಳದ ಪಂಚನಾಮೆ, ವಾಹನದ ವಿಮೆಯ ಹಾಗೂ ಚಾಲಕನ ಪರವಾನಗಿಯ ನಕಲು, ದವಾಖಾನೆಯ ಬಿಡುಗಡೆಯ ಚೀಟಿ, ಔಷಧದ ಪ್ರತಿಯೊಂದು ಬಿಲ್ಲು, ಪಗಾರದ ಚೀಟಿ ಅಥವಾ ಹೊಲದ ಸಾತಬಾರಾ ಉತಾರ, ಇವನ್ನು ಒಂದು ಚೀಲದಲ್ಲಿ ಕೂಡಿಡಿರಿ. ವಕೀಲರಿಗೆ ನಕಲುಗಳನ್ನು ಕೊಟ್ಟು, ಮೂಲಪ್ರತಿ ಕೊಡಬೇಕಾದಾಗ ಬರೆಯಿಸಿಕೊಂಡು ಕೊಡಿರಿ. ವಕೀಲರ ಕೆಲಸ ಮನಸ್ಸಿಗೆ ಬಾರದಿದ್ದರೆ ಬದಲಿಸುವ ಸ್ವಾತಂತ್ರ್ಯವೂ ಕಕ್ಷಿದಾರನಿಗಿದೆ. ಫೀ ಬಾಕಿಯಿದೆಯೆಂದು ಹೇಳಿ ವಕೀಲರು ಕಾಗದಪತ್ರಗಳನ್ನು ತಡೆಹಿಡಿಯುವಂತಿಲ್ಲವೆಂದು 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ.

ಕೊನೆಗೆ ಹಣ ಬರುವ ದಿನ. ಪರಿಹಾರವು ಗಾಯಾಳುವಿನ ಬ್ಯಾಂಕಿನ ಖಾತೆಗೇ ಸೇರತಕ್ಕದ್ದು. ಪಾಸ್‌ಬುಕ್ಕನ್ನಾಗಲಿ ಸಹಿ ಮಾಡಿದ ಚೆಕ್ಕನ್ನಾಗಲಿ ಯಾರ ಕೈಗೂ ಕೊಡಬೇಡಿರಿ.

“ಗೆದ್ದವನು ಸೋತ, ಸೋತವನು ಸತ್ತ” ಎಂದು ನಮ್ಮ ಹಿರಿಯರು ಕೋರ್ಟಿನ ಬಗ್ಗೆ ಹೇಳುತ್ತಿದ್ದರು. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಹೂಡುವ ವ್ಯಾಜ್ಯಕ್ಕೆ ಆ ಮಾತು ಒಪ್ಪುತ್ತದೆ. ಅಪಘಾತದ ದಾವೆ ಅಂಥ ಹಟದ ವ್ಯಾಜ್ಯವಲ್ಲ. ರಸ್ತೆಯ ಮೇಲೆ ಓಡುವ ಪ್ರತಿಯೊಂದು ವಾಹನಕ್ಕೂ ವಿಮೆ ಕಡ್ಡಾಯವಾಗಿರುವುದು ಗಾಯಗೊಂಡವನ ಮನೆ ಮುಳುಗಬಾರದೆಂಬ ಉದ್ದೇಶದಿಂದಲೇ. ಅದನ್ನು ಕೇಳಲು ನಾಚಬೇಕಾದುದಿಲ್ಲ. ಕೇಳಿಕೊಡುವವರನ್ನು ಮಾತ್ರ ನಾವೇ ಹುಡುಕಿಕೊಂಡು ಹೋಗಬೇಕು; ನಮ್ಮ ಹಾಸಿಗೆಯನ್ನು ಹುಡುಕಿಕೊಂಡು ಬಂದವರ ಕೈಗೆ ಹೆಬ್ಬೆಟ್ಟು ಕೊಡಬಾರದು. ಓದಲು ಬಲ್ಲ ವಾಚಕರು ಈ ಮಾತುಗಳನ್ನು ತಮ್ಮ ಓಣಿಯಲ್ಲಿ ಓದಲು ಬಾರದವರಿಗೂ ಒಮ್ಮೆ ಓದಿ ಹೇಳಬೇಕೆಂದು ವಿನಂತಿಸುತ್ತೇವೆ.