ಲಸಿಕೆ ಹಾಕ್ಸಿದ್ರೂ ಕಾಲುಬಾಯಿ ಜ್ವರ ಯಾಕೆ?

"ಇಂಜೆಕ್ಷನ್ ಹಾಕ್ಸಿದ್ರೂ ಹಸು ಜೊಲ್ಲು ಸುರಿಸ್ತಿದೆ, ಆ ಔಷಧೀನೇ ಸುಳ್ಳು ಕಣಕ್ಕ!" ಡೇರಿಗೆ ಹಾಲು ಹಾಕಲು ಹೋದಾಗ ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಇದನ್ನು ನಂಬಿ ಕೆಲವರು ಮುಂದಿನ ಸಲ ಲಸಿಕೆಯವರು ಬಂದರೆ ಹಸು ಹಿಡಿದು ಕೊಡುವುದೇ ಇಲ್ಲ. ನನಗೆ ಭಯ ಅದಕ್ಕೇ. 2013ರಲ್ಲಿ ನಮ್ಮ ಹಳೇ ಮೈಸೂರು ಭಾಗದಲ್ಲಿ ಈ ರೋಗಕ್ಕೆ ಸಾವಿರಾರು ರಾಸುಗಳು ಸತ್ತವಲ್ಲ!

ಕಾಲುಬಾಯಿ ವೈರಸ್ ಒಂದೇ ಅಲ್ಲ. ಪ್ರಪಂಚದಲ್ಲಿ 7 ಬಗೆ ಗುರುತಿಸಿದ್ದಾರೆ. ನಮ್ಮ ದೇಶದಲ್ಲಿ ಕಾಡುವುದು ಓ, ಎ, ಏಷ್ಯಾ-1 ಎಂಬ ಮೂರು. ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಅದಕ್ಕೇ ನಮ್ಮ ಲಸಿಕೆಯಲ್ಲಿ ಮೂರನ್ನೂ ಸೇರಿಸಿರುತ್ತಾರೆ. ಸಾಲದ್ದಕ್ಕೆ ಒಂದೊಂದು ಬಗೆಯೂ ವರ್ಷ ಕಳೆದಂತೆ ರೂಪ ಬದಲಿಸುತ್ತದೆ.

ಹಾಗಾದ್ರೆ ಲಸಿಕೆ ಈಗಿನ ವೈರಸ್ಸಿಗೆ ಹೊಂದುತ್ತೋ ಇಲ್ವೋ, ಗೊತ್ತಾಗೋದು ಹೇಗೆ? ರೋಗ ಬಂದ ಹಸುವಿನ ನಾಲಿಗೆ ಗುಳ್ಳೆಯ ಸಿಪ್ಪೆಯನ್ನು ಲ್ಯಾಬಿಗೆ ಕಳಿಸುತ್ತಾರೆ. ಈ ಕೆಲಸಕ್ಕೆಂದೇ ಭುವನೇಶ್ವರದ ಬಳಿ ಕೇಂದ್ರದ ಸಂಸ್ಥೆಯಿದೆ. ಲಸಿಕೆ ಪಡೆದ ದನದ ಸೀರಂ ಲಸಿಕೆಯ ವೈರಸ್ಸನ್ನು ಎಷ್ಟು ತಡೆಯುತ್ತದೆ, ಊರಿಂದ ಬಂದ ವೈರಸ್ಸನ್ನು ಎಷ್ಟು ತಡೆಯುತ್ತದೆ ಎಂದು ಹೋಲಿಸುತ್ತಾರೆ. ಆ ಅನುಪಾತ 0.3 ಅಥವಾ ಹೆಚ್ಚಿದ್ದರೆ ಹೊಂದುತ್ತದೆ ಎಂದರ್ಥ. ಪದೇಪದೇ ಕಡಿಮೆ ಬಂದರೆ ಲಸಿಕೆಯ ತಳಿಯನ್ನೇ ಬದಲಿಸುವ ಯೋಚನೆ ಮಾಡಬೇಕಾಗುತ್ತದೆ. 'ಓ' ಬಗೆಗೆ ಬಳಸುವ ತಳಿ 1975ರದ್ದು! ಹಳೆಯದೆಂದು ಮೂಗು ಮುರಿಯಬೇಡಿ. ಪರೀಕ್ಷೆ ಮಾಡಿ ನೋಡಿಯೇ ಅದನ್ನು ಉಳಿಸಿಕೊಂಡಿದ್ದಾರೆ. 'ಸಿ' ಎಂಬ ಬಗೆ 1995ರ ನಂತರ ದೇಶದಲ್ಲಿ ಕಾಣಿಸಲೇ ಇಲ್ಲವೆಂದು ಅದನ್ನು ಲಸಿಕೆಯಿಂದ ಕೈಬಿಟ್ಟರು.

ಲಸಿಕೆ ಹೊಂದಿದರೂ ರೋಗ ಬರಲು ಬೇರೆ ಕಾರಣಗಳಿವೆ. 2ರಿಂದ 8 ಡಿಗ್ರಿ ತಂಪಿನಲ್ಲಿ ಇಡದಿದ್ದರೆ ಲಸಿಕೆ ಕೆಡುತ್ತದೆ. 4 ತಿಂಗಳ ಕರುವಿಗೆ ಮೊದಲ ಲಸಿಕೆ ಹಾಕಿಸಿ, ತಿಂಗಳ ಮೇಲೆ ಬೂಸ್ಟರ್ ಮರೆತರೂ ರಕ್ಷಣೆ ಅರೆಬರೆ. ಆಮೇಲೆ 6 ತಿಂಗಳಿಗೊಮ್ಮೆ ತಪ್ಪಿಸುವಂತಿಲ್ಲ.

ಅದಕ್ಕೇ ನನ್ನದೊಂದು ವಿನಂತಿ. ಬಾಯಲ್ಲಿ ಗುಳ್ಳೆ ಕಂಡ ಕೂಡಲೇ ಹಸುವನ್ನು ಬೇರೆ ಕಟ್ಟಿ, ಸಂತೆಗೆ ಹೊಡೆಯಬೇಡಿ. ಡಾಕ್ಟರಿಗೆ ಹೇಳಿ, "ಸ್ಯಾಂಪಲ್ ತಗೊಳ್ಳಿ ಸಾರ್" ಅಂತ ಕೇಳಿ. ನಮ್ಮ ಕೊಟ್ಟಿಗೆಯಿಂದ ಸ್ಯಾಂಪಲ್ ಹೋಗದಿದ್ದರೆ, ವೈರಸ್ ಬದಲಾಗಿದೆ ಅಂತ ಲ್ಯಾಬಿನವರಿಗೆ ತಿಳಿಯೋದಾದ್ರೂ ಹೇಗೆ?