ಕೊನೆಯ ಗುಳಿಗೆಯಿಂದ ಮೂರು ದಿನ

ಬೆಳಗಾವಿಯ ಹಿಂದವಾಡಿಯಿಂದ ಹೊರಟು ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾ. ಫೆನ್ನಿಯ ನಾಡು ಇಷ್ಟು ಹತ್ತಿರವಿರುವಾಗ, ಆಮಶಂಕೆಗೆ ಗುಳಿಗೆ ತಗೊಂಡವರು ‘ಯಾವಾಗಿನಿಂದ ಕುಡೀಬಹುದು?’ ಎಂದು ಕೇಳುವುದು ಸಹಜವೇ. ‘ಆ್ಯಂಟಿಬಯೋಟಿಕ್ ಮೇಲೆ ಕುಡೀಬಾರದು’ ಎಂಬ ಸಿದ್ಧ ಉತ್ತರ ಸಾಲದು. ಅದರಲ್ಲಿ ಔಷಧದ ಹೆಸರಿಲ್ಲ, ಕಾರಣವಿಲ್ಲ, ಅವಧಿಯೂ ಇಲ್ಲ. ಕಾರಣ ತಿಳಿಯದ ನಿಷೇಧವನ್ನು ಜನ ತಮಗೆ ಅನುಕೂಲವಾದಂತೆ ಬಗೆಹರಿಸಿಕೊಳ್ಳುತ್ತಾರೆ: ಭೇದಿ ನಿಂತ ಕೂಡಲೇ ಗುಳಿಗೆ ಬಿಟ್ಟು ಗ್ಲಾಸು ಹಿಡಿಯುತ್ತಾರೆ. ಆಗ ಸೋಂಕೂ ಪೂರ್ತಿ ಹೋಗಿರುವುದಿಲ್ಲ, ಔಷಧವೂ ಮೈಯಿಂದ ಇಳಿದಿರುವುದಿಲ್ಲ.

ಹೊಟ್ಟೆಯ ಸೋಂಕಿನಲ್ಲಿ ಹೆಸರು ಹಿಡಿದು ಎಚ್ಚರಿಸಬೇಕಾದವು ಮೆಟ್ರೊನಿಡಜೋಲ್ ಮತ್ತು ಟಿನಿಡಜೋಲ್. ಯಕೃತ್ತು ಮದ್ಯಸಾರವನ್ನು ಮೊದಲು ಅಸಿಟಾಲ್ಡಿಹೈಡ್ ಆಗಿ, ಆಮೇಲೆ ನಿರುಪದ್ರವಿ ಅಸಿಟೇಟ್ ಆಗಿ ಒಡೆಯುತ್ತದೆ. ಈ ಗುಳಿಗೆಗಳು ಎರಡನೆಯ ಹಂತಕ್ಕೆ ಅಡ್ಡಿಯಾಗಿ, ಅಸಿಟಾಲ್ಡಿಹೈಡ್ ರಕ್ತದಲ್ಲೇ ಉಳಿಯುವಂತೆ ಮಾಡಿ, ಮುಖ ಕೆಂಪಾಗುವುದು, ಎದೆಬಡಿತ, ವಾಂತಿ ತರುತ್ತವೆ ಎಂಬುದು ಹಳೆಯ ವಿವರಣೆ. ಅದಕ್ಕೆ ಬಲವಾದ ಆಕ್ಷೇಪವೂ ಉಂಟು. 2002ರಲ್ಲಿ ಪ್ರಕಟವಾದ ಫಿನ್‌ಲೆಂಡಿನ ಪ್ರಯೋಗವೊಂದರಲ್ಲಿ ಮೆಟ್ರೊನಿಡಜೋಲ್ ತೆಗೆದುಕೊಂಡವರಿಗೆ ಮದ್ಯ ಕೊಟ್ಟಾಗ ರಕ್ತದಲ್ಲಿ ಅಸಿಟಾಲ್ಡಿಹೈಡ್ ಏರಲೇ ಇಲ್ಲ. ಹಾಗಾದರೆ ಎಲ್ಲವೂ ಬರೀ ಹೆದರಿಕೆಯೇ? ಅಷ್ಟು ದೂರ ಹೋಗಲಾರೆ. ಅಲ್ಲಿದ್ದವರು ಹನ್ನೆರಡೇ ಮಂದಿ, ಎಲ್ಲರೂ ಆರೋಗ್ಯವಂತ ಗಂಡಸರು. ಭೇದಿಯಿಂದ ನೀರು ಕಳೆದುಕೊಂಡವರಲ್ಲ, ಯಕೃತ್ತು ಸೋತವರೂ ಅಲ್ಲ. ತೊಂದರೆ ಅಪರೂಪ ಎನ್ನಬಹುದು, ಇಲ್ಲವೇ ಇಲ್ಲ ಎನ್ನಲಾಗದು. ತಪ್ಪಿಸಿಕೊಳ್ಳಲು ತೆರಬೇಕಾದ ಬೆಲೆಯೋ ಕೆಲವೇ ದಿನಗಳ ಸಂಯಮ. ಆ ಲೆಕ್ಕವೂ ಕಣ್ಣುಮುಚ್ಚಿ ಹೇಳಿದ್ದಲ್ಲ: ಮೆಟ್ರೊನಿಡಜೋಲ್ ಸುಮಾರು 8 ಗಂಟೆಗೊಮ್ಮೆ, ಟಿನಿಡಜೋಲ್ 12ರಿಂದ 14 ಗಂಟೆಗೊಮ್ಮೆ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಆದ್ದರಿಂದಲೇ ಕೊನೆಯ ಗುಳಿಗೆಯ ನಂತರ ಮೊದಲನೆಯದಕ್ಕೆ ಎರಡರಿಂದ ಮೂರು ದಿನ, ಎರಡನೆಯದಕ್ಕೆ ಮೂರು ದಿನ ಮದ್ಯ ಬೇಡ.

ಅಮಾಕ್ಸಿಸಿಲಿನ್‌ಗೆ ಮದ್ಯದೊಡನೆ ಇಂಥ ಜಗಳವಿಲ್ಲ. ಆದರೂ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಜಠರದ ಬ್ಯಾಕ್ಟೀರಿಯಾಕ್ಕೆ 14 ದಿನ ಅದನ್ನೊಳಗೊಂಡ ಔಷಧ ತಗೊಳ್ಳುವವರ ಉರಿಗೊಂಡ ಜಠರಕ್ಕೆ ಮದ್ಯ ಹಿತವಲ್ಲ. ‘ಒಂದು ಗುಟುಕು ಫೆನ್ನಿ ಹೊಟ್ಟೆಗೆ ಒಳ್ಳೇದು’ ಎನ್ನುವವರಿದ್ದಾರೆ. ಆದರೆ ಶೇ 40ರಷ್ಟು ಮದ್ಯಸಾರದ ಪೇಯ ಜಠರದ ಒಳಪೊರೆಯನ್ನು ಕೆರಳಿಸುತ್ತದೆ, ಮೂತ್ರ ಹೆಚ್ಚಿಸಿ ಮೈಯ ನೀರನ್ನೂ ಕಳೆಯುತ್ತದೆ. ಇನ್ನೊಂದು ವಿಚಿತ್ರ: ಬಾರಿನತ್ತ ತಲೆಹಾಕದವರೂ ಆಮಶಂಕೆಗೆಂದು ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್ ಜೊತೆ ಆಯುರ್ವೇದದ ಕುಟಜಾರಿಷ್ಟ ಕುಡಿಯುತ್ತಾರೆ. ಹುದುಗಿಸಿ ಮಾಡುವ ಅರಿಷ್ಟದಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇದ್ದೇ ಇರುತ್ತದೆ, ಆದರೆ ವೈದ್ಯರು ‘ಕುಡೀತೀರಾ?’ ಎಂದರೆ ‘ಇಲ್ಲ’ ಎನ್ನುವ ಈ ರೋಗಿಗೆ ಆ ಬಾಟಲಿ ನೆನಪೇ ಆಗುವುದಿಲ್ಲ.