ನಿಮಗಿದು ಗೊತ್ತೇ? ಪಿಎಚ್.ಡಿ. ಇಲ್ಲದೆ ನೊಬೆಲ್‌ವರೆಗೆ

ಸರ್ಪಸುತ್ತಿಗೆ ಡಾಕ್ಟರು ಬರೆದುಕೊಡುವ ಅಸೈಕ್ಲೋವಿರ್, ಗೌಟ್ ಇರುವವರು ನುಂಗುವ ಅಲೋಪ್ಯೂರಿನಾಲ್, ಕಿಡ್ನಿ ಕಸಿಗೆ ದಾರಿ ಮಾಡಿಕೊಟ್ಟ ಅಜಥಯೋಪ್ರಿನ್, ರಕ್ತದ ಕ್ಯಾನ್ಸರಿಗೆ ಕೊಡುವ 6-ಮರ್ಕಾಪ್ಟೊಪ್ಯೂರಿನ್. ನಾಲ್ಕೂ ಪ್ಯೂರಿನ್ ಅಣುವಿನ ಬೆನ್ನುಹತ್ತಿ ಸಿಕ್ಕ ಔಷಧಗಳು. ನಾಲ್ಕರ ಹಿಂದೆಯೂ ಇದ್ದವರು ಅಮೆರಿಕದ ಔಷಧ ರಸಾಯನಶಾಸ್ತ್ರಜ್ಞೆ ಗರ್ಟ್ರೂಡ್ ಎಲಿಯನ್ (1918–1999).

1929ರ ಷೇರುಪೇಟೆ ಕುಸಿತದಲ್ಲಿ ಎಲಿಯನ್ ಅವರ ತಂದೆ, ದಂತವೈದ್ಯರು, ದುಡ್ಡು ಕಳೆದುಕೊಂಡರು. ನ್ಯೂಯಾರ್ಕಿನ ಹಂಟರ್ ಕಾಲೇಜಿನಲ್ಲಿ ಫೀಸು ಇರಲಿಲ್ಲವೆಂದೇ ಮಗಳ ಓದು ನಡೆಯಿತು. 19ನೇ ವಯಸ್ಸಿಗೆ ಪದವಿ.

ಕೆಲಸ ಕೇಳಿಕೊಂಡು ಹೋದ ಕಡೆ, ಹುಡುಗಿಯೊಬ್ಬಳು ಲ್ಯಾಬಿನಲ್ಲಿದ್ದರೆ ಉಳಿದವರ ಗಮನ ಕೆಡುತ್ತದೆ ಎಂಬ ಉತ್ತರವೂ ಬಂತು! ಕೆಲಕಾಲ ಸಂಬಳವಿಲ್ಲದೆ ಲ್ಯಾಬಿನಲ್ಲಿ ದುಡಿದರು. ಆಮೇಲೆ ಒಂದು ಕಿರಾಣಿ ಕಂಪನಿಯ ಪ್ರಯೋಗಾಲಯದಲ್ಲಿ ಉಪ್ಪಿನಕಾಯಿಯ ಹುಳಿ ಅಳೆಯುವುದು, ಮೇಯನೇಸ್‌ನ ಬಣ್ಣ ನೋಡುವುದು. ಎರಡನೇ ಮಹಾಯುದ್ಧಕ್ಕೆ ಗಂಡಸರು ಹೊರಟುಹೋದ ಮೇಲಷ್ಟೇ ಹೆಣ್ಣುಮಕ್ಕಳಿಗೆ ಲ್ಯಾಬುಗಳ ಬಾಗಿಲು ತೆರೆದದ್ದು. 1944ರಲ್ಲಿ ಬರೋಸ್ ವೆಲ್‌ಕಮ್ ಕಂಪನಿಯಲ್ಲಿ ಜಾರ್ಜ್ ಹಿಚಿಂಗ್ಸ್ ಅವರ ಸಹಾಯಕಿಯಾದರು.

ಹಗಲು ಕೆಲಸ, ಸಂಜೆ ಬ್ರೂಕ್ಲಿನ್ ಪಾಲಿಟೆಕ್ನಿಕ್‌ನಲ್ಲಿ ಪಿಎಚ್.ಡಿ. ಓದು. ಕೊನೆಗೆ ಡೀನ್ ಸಾಹೇಬರು, ಪೂರ್ಣಾವಧಿ ಓದಿಗೆ ಬರಬೇಕು ಎಂದರು. ಎಲಿಯನ್ ಕೆಲಸ ಬಿಡಲಿಲ್ಲ, ಪಿಎಚ್.ಡಿ. ಬಿಟ್ಟರು. 1988ರಲ್ಲಿ ನೊಬೆಲ್ ಬಂತು. ಅದೇ ಪಾಲಿಟೆಕ್ನಿಕ್ ಮರುವರ್ಷ ಗೌರವ ಡಾಕ್ಟರೇಟ್ ಕೊಟ್ಟಿತು. ತಡವಾಯಿತು ಅನ್ನಿ.

ಡಿಎನ್‌ಎ ಕಟ್ಟಲು ಜೀವಕೋಶಕ್ಕೆ ಪ್ಯೂರಿನ್ ಬೇಕೇ ಬೇಕು. ಬೇಗಬೇಗ ಬೆಳೆಯುವ ಕ್ಯಾನ್ಸರ್ ಕೋಶಕ್ಕೆ ಇನ್ನೂ ಹೆಚ್ಚು. ಹಾಗಾದರೆ ಅಸಲಿಯೆಂದು ನಂಬಿ ನುಂಗುವಂಥ ನಕಲಿ ಪ್ಯೂರಿನ್ ಕೊಟ್ಟರೆ? ಇದೇ ಹಿಚಿಂಗ್ಸ್–ಎಲಿಯನ್ ಹಿಡಿದ ದಾರಿ. ಸಿಕ್ಕಸಿಕ್ಕ ರಾಸಾಯನಿಕವನ್ನೆಲ್ಲ ಇಲಿಗೆ ಕೊಟ್ಟು ನೋಡುತ್ತಿದ್ದ ಕಾಲದಲ್ಲಿ ಇದು ಹೊಸ ಆಲೋಚನೆ. ನೂರಕ್ಕೂ ಹೆಚ್ಚು ಪ್ಯೂರಿನ್‌ಗಳನ್ನು ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿದರು. ಆರನೇ ಸ್ಥಾನದ ಆಮ್ಲಜನಕ ತೆಗೆದು ಗಂಧಕ ಕೂರಿಸಿದ್ದೇ 6-ಮರ್ಕಾಪ್ಟೊಪ್ಯೂರಿನ್ (6-ಎಂಪಿ). 1953ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿತು.

ಇಂದಿಗೂ ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ಈ ಗುಳಿಗೆಯ ಜೋಡಿ ಮೆಥೊಟ್ರೆಕ್ಸೇಟ್. ಅದು ಬಂದದ್ದು ಆಂಧ್ರದಿಂದ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ.

6-ಎಂಪಿಗಿಂತ ಒಳ್ಳೆಯ ಕ್ಯಾನ್ಸರ್ ಔಷಧ ಬೇಕೆಂದು ಮಾಡಿದ ಅಜಥಯೋಪ್ರಿನ್ ಆ ಕೆಲಸದಲ್ಲಿ ಹೆಚ್ಚೇನೂ ಗೆಲ್ಲಲಿಲ್ಲ. ಆದರೆ ಈ ಜಾತಿಯ ಔಷಧ ಮೊಲಗಳ ರೋಗನಿರೋಧಕ ಪ್ರತಿಕ್ರಿಯೆಯನ್ನೇ ತಗ್ಗಿಸುತ್ತದೆಂದು ಬಾಸ್ಟನ್ನಿನ ವೈದ್ಯರು ಕಂಡರು. ಶಸ್ತ್ರವೈದ್ಯ ರಾಯ್ ಕಾಲ್ನ್ ಅಜಥಯೋಪ್ರಿನ್ ಅನ್ನು ನಾಯಿಗಳ ಕಿಡ್ನಿ ಕಸಿಗೆ ಬಳಸಿದರು. ಬೇರೆ ನಾಯಿಯ ಕಿಡ್ನಿ ಹೊತ್ತು ತಿಂಗಳುಗಟ್ಟಲೆ ಬದುಕಿದ ಒಂದರ ಹೆಸರು ಲಾಲಿಪಾಪ್! 1962ರಲ್ಲಿ, ಇದೇ ಔಷಧದ ನೆರವಿನಿಂದ ರಕ್ತಸಂಬಂಧಿಯಲ್ಲದವರ ಕಿಡ್ನಿಯೂ ಮನುಷ್ಯನ ಮೈಗೆ ಒಗ್ಗಿತು.

6-ಎಂಪಿಯನ್ನು ದೇಹದ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಬೇಗ ಕೆಡಿಸುತ್ತಿತ್ತು. ಅದನ್ನು ತಡೆಯಲು ಬಂದದ್ದು ಅಲೋಪ್ಯೂರಿನಾಲ್. ಗೌಟ್ ತರುವ ಯೂರಿಕ್ ಆಸಿಡ್ ತಯಾರಿಸುವುದೂ ಅದೇ ಕಿಣ್ವ. ಹೀಗಾಗಿ ಕ್ಯಾನ್ಸರ್ ಔಷಧದ ಸಹಾಯಕ ಗೌಟ್‌ನ ಮುಖ್ಯ ಔಷಧವಾಯಿತು. ಇವತ್ತಿಗೂ ಎರಡನ್ನೂ ಒಟ್ಟಿಗೆ ಕೊಡಬೇಕಾದರೆ ವೈದ್ಯರು 6-ಎಂಪಿಯ ಪ್ರಮಾಣವನ್ನು ಕಾಲುಭಾಗದಷ್ಟಕ್ಕೆ ಇಳಿಸುತ್ತಾರೆ. ಅಜಥಯೋಪ್ರಿನ್‌ಗೂ ಇದೇ ಎಚ್ಚರ. ಮೆಡಿಕಲ್ ಶಾಪಿನವರನ್ನು ಕೇಳಿ ನುಂಗುವ ವಿಷಯವಲ್ಲ.

1948ರ ಸುಮಾರಿಗೆ ಒಂದು ಪ್ಯೂರಿನ್ ವೈರಸ್ಸಿಗೂ ತೊಡಕಾಗುವುದು ಕಂಡಿತ್ತು. ವಿಷಕಾರಿಯೆಂದು ಬದಿಗಿಟ್ಟ ಆ ಎಳೆಯನ್ನು ಎಲಿಯನ್ ಮತ್ತೆ ಎತ್ತಿಕೊಂಡದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ. ಅದರಿಂದ ಹುಟ್ಟಿ 1978ರಲ್ಲಿ ಲೋಕಕ್ಕೆ ತಿಳಿದ ಅಸೈಕ್ಲೋವಿರ್‌ನ ಜಾಣತನ ನೋಡಿ: ಅದನ್ನು ಚುರುಕುಗೊಳಿಸುವುದು ಸರ್ಪಸುತ್ತು ತರುವ ಹರ್ಪಿಸ್ ಜಾತಿಯ ವೈರಸ್ಸಿನದೇ ಕಿಣ್ವ. ವೈರಸ್ ಹೊಕ್ಕಿರದ ಕೋಶದಲ್ಲಿ ಔಷಧ ಬಹುಮಟ್ಟಿಗೆ ಸುಮ್ಮನಿರುತ್ತದೆ.

ಏಡ್ಸ್ ಔಷಧ ಎಜೆಡ್‌ಟಿಯೂ ಎಲಿಯನ್ ಅವರದೇ ಶೋಧ ಎಂದು ಬರೆಯುವುದುಂಟು. ಅದು ಸರಿಯಲ್ಲ. 1964ರಲ್ಲೇ ಜೆರೋಮ್ ಹೋರ್ವಿಟ್ಸ್ ಕ್ಯಾನ್ಸರಿಗೆಂದು ಅದನ್ನು ತಯಾರಿಸಿದ್ದರು. ಎಲಿಯನ್ ನಿವೃತ್ತರಾದದ್ದು 1983ರಲ್ಲಿ. ಎಚ್‌ಐವಿ ಮೇಲೆ ಎಜೆಡ್‌ಟಿ ಕೆಲಸ ಮಾಡುತ್ತದೆಂದು ಆಮೇಲೆ ತೋರಿಸಿದವರಲ್ಲಿ ಅವರ ಕೈಕೆಳಗೆ ಪಳಗಿದ ಸಹೋದ್ಯೋಗಿಗಳಿದ್ದರು.